ಉಪ್ಪಿಟ್ಟಿನ ತಕರಾರು

ಅವರ ಬಲಗಿವಿಯಲ್ಲಿ ಅವರೆಕಾಳಿನಷ್ಟು ದೊಡ್ಡದೊಂದು ಶ್ರವಣಯಂತ್ರವಿತ್ತು. ನಾನು ವಾದಕ್ಕಿಳಿದರೆ ಬೆರಳಿನಿಂದ ಅದರ ಸದ್ದು ತಗ್ಗಿಸಿಕೊಳ್ಳುತ್ತಿದ್ದರು. "ಹೇಳಿ, ಕೇಳಿಸ್ತಾ ಇದೆ. ಭಾಷಣ ಕಮ್ಮಿ ಮಾಡ್ಕೊಂಡೆ, ಅಷ್ಟೆ."

ನನ್ನ ಕೌನ್ಸೆಲರ್ ಅವರು. ಚಂದ್ರಾ ಲೇಔಟ್‌ನ ಬೇಕರಿಯೊಂದರ ಮಹಡಿಯಲ್ಲಿ ಕೋಣೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಬಂದಿದ್ದ ನನಗೆ ಕೌನ್ಸೆಲಿಂಗ್ ಎಂದರೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೊಡೆಯುವ ಹರಟೆ. ಆದರೆ ಆ ವರ್ಷ ಖಿನ್ನತೆ ನನ್ನ ಬಾಯನ್ನೇ ಕಟ್ಟಿಹಾಕಿತ್ತು. ಮೊದಲ ವಾರಗಳಲ್ಲಿ ನನ್ನ ದನಿ ಕೇಳಿಸದೆ ಅವರು ಯಂತ್ರದ ಸದ್ದು ಏರಿಸುತ್ತಲೇ ಇದ್ದರು. ಅದನ್ನು ತಗ್ಗಿಸುವ ಕಾಲ ಬರಲು ಏಳು ತಿಂಗಳು ಬೇಕಾಯಿತು.

ಕೊನೆಯ ಭೇಟಿಗೆ ಅಮ್ಮನನ್ನೂ ಕರೆಸಿದರು. ಕಾಯಿಲೆ ಮರಳಿದರೆ ಏನು ಮಾಡಬೇಕೆಂದು ಈಗಲೇ ಬರೆದಿಡಬೇಕಂತೆ.

"ಗುಣ ಆಯ್ತು ಅಂತೀರ, ಮತ್ತೆ ಬರ್ಬಹುದು ಅಂತಾನೂ ಅಂತೀರ. ಯಾವುದಾದ್ರೂ ಒಂದು ಪಕ್ಷ ಹಿಡೀರಿ ಸಾರ್," ಎಂದೆ.

"ಎದುರು ಪಕ್ಷ ಏನ್ ಹೇಳತ್ತೆ ಅಂತ ಮೊದಲೇ ಬರ್ಕೊಂಡು ಹೋಗ್ತೀರಲ್ಲ, ಹಾಗೇ ಇದು."

ಲಕ್ಷಣಗಳನ್ನು ಹೇಳತೊಡಗಿದೆ: ನಿದ್ದೆ, ಹಸಿವು, ಏಕಾಗ್ರತೆ. ಅವರು ಪೆನ್ನು ಎತ್ತಲೇ ಇಲ್ಲ.

"ಇದು ಪುಸ್ತಕದ್ದು. ಅಮ್ಮ, ನೀವು ಹೇಳಿ."

"ಉಪ್ಪಿಟ್ಟು ಮಾಡಿದ್ರೆ ಇವಳು ಜಗಳಾನೇ ತೆಗೀತಾಳೆ ಸಾರ್. ಸುಮ್ನೆ ತಿಂದ್ಬಿಟ್ರೆ ನಂಗೆ ಭಯ."

ಅವರು ಕಾರ್ಡಿನ ಮೇಲೆ ಬರೆದರು: "ಎರಡು ದಿನ ಉಪ್ಪಿಟ್ಟಿಗೆ ತಕರಾರು ಬಾರದಿದ್ದರೆ ಫೋನ್ ಮಾಡುವುದು." ಕೆಳಗೆ ತಮ್ಮ ನಂಬರು. ಅದರ ಕೆಳಗೆ ರಾಜಾಜಿನಗರದ ಇನ್ನೊಬ್ಬ ಕೌನ್ಸೆಲರ್‌ದು.

"ನೀವಿದೀರಲ್ಲ ಸಾರ್, ಇದ್ಯಾಕೆ?" ಅಮ್ಮ ಕೇಳಿದಳು.

"ನಾನೂ ರಜ ಹಾಕ್ತೀನಲ್ಲಮ್ಮ."

ಕಳೆದ ತಿಂಗಳು ಅವರು ಹೃದಯಾಘಾತವಾಗಿ ಹೋಗಿಬಿಟ್ಟರು. ಸುದ್ದಿ ಹೇಳಿದ್ದು ಕೆಳಗಿನ ಬೇಕರಿಯವರು. ಹೌದಾ ಎಂದೆ, ಬನ್ ಕಟ್ಟಿಸಿಕೊಂಡು ಮನೆಗೆ ಬಂದೆ. ಅಳು ಬರಲಿಲ್ಲ. ಏನೂ ಬರಲಿಲ್ಲ. ತಿಂಡಿ ತಿಂದೆ, ಕೆಲಸ ಮಾಡಿದೆ, ಮಲಗಿದೆ.

ಮೂರನೆಯ ಬೆಳಿಗ್ಗೆ ಅಮ್ಮ ತಟ್ಟೆಯ ಪಕ್ಕ ಆ ಕಾರ್ಡು ತಂದಿಟ್ಟಳು.

"ಎರಡು ದಿನದಿಂದ ಉಪ್ಪಿಟ್ಟೇ ಮಾಡಿದೀನಿ. ನಿನ್ನೆ ಉಪ್ಪೇ ಹಾಕಿರ್ಲಿಲ್ಲ ಕಣೇ."

"ಇದು ದುಃಖ ಅಮ್ಮ. ಕಾಯಿಲೆ ಅಲ್ಲ."

"ಇರಬಹುದು. ಅದನ್ನ ಅಲ್ಲಿ ಹೋಗಿ ವಾದ ಮಾಡು."

ಎರಡನೆಯ ನಂಬರಿಗೆ ಫೋನ್ ಮಾಡಿದೆ. ಮರುದಿನ ರಾಜಾಜಿನಗರದಲ್ಲಿ ಆ ಎರಡನೆಯ ಕೌನ್ಸೆಲರ್ ಎದುರು ಕೂತು, ನನಗೆ ಕಾಯಿಲೆ ಮರಳಿಲ್ಲ ಎಂಬ ವಾದವನ್ನು ಅಂಶ ಅಂಶವಾಗಿ ಮಂಡಿಸಿದೆ. ಆಕೆಯ ಕಿವಿಯಲ್ಲಿ ಯಂತ್ರವಿರಲಿಲ್ಲ. ಆದರೂ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, "ಕೇಳಿಸ್ತಿಲ್ಲಮ್ಮ, ಸ್ವಲ್ಪ ಜೋರಾಗಿ ಹೇಳಿ," ಎಂದರು.