ಗುಂಡಿ ಹೂ

ಮೆಲ್ಬರ್ನಿನ ಅಂಚಿನ ಟ್ರುಗನಿನಾದ ಮಹಾಶ್ವೇತಾಳಿಗೆ ಕನ್ನಡ ಬಳಗದವರು ಬೆನ್ನ ಹಿಂದೆ ಇಟ್ಟ ಹೆಸರು ಸುಡುಗಾಡು ಶ್ವೇತಾ. ವಾರವಿಡೀ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ಕೂರುವ ಹೆಂಗಸು, ಭಾನುವಾರ ಬಂತೆಂದರೆ ಬಯಲಂಚಿನ ಹಳೇ ಸ್ಮಶಾನದಲ್ಲಿ ಮೊಣಕಾಲೂರಿ ಕಳೆ ಕೀಳುತ್ತಾಳೆಂದರೆ ಜನ ಸುಮ್ಮನಿರುತ್ತಾರೆಯೇ? ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ ಅವಳ ಎಣ್ಣೆಗಾಯಿಯನ್ನು ಬಾಯಿ ಚಪ್ಪರಿಸಿ ತಿಂದವರೇ, "ಕೈ ತೊಳ್ಕೊಂಡು ಮಾಡಿದ್ರಿ ತಾನೆ?" ಎಂದು ಕೇಳುತ್ತಿದ್ದರು. ಅವಳು ನಕ್ಕು ಇನ್ನೆರಡು ಬದನೆಕಾಯಿ ಬಡಿಸುತ್ತಿದ್ದಳು.

ಗೋರಿಗಳ ಭಯ ಅವಳಿಗೆ ಹುಟ್ಟಿನಿಂದಲೇ ಇಲ್ಲ. ನವಲಗುಂದದ ಹತ್ತಿರದ ಅವಳ ತವರಿನಲ್ಲಿ ಸತ್ತವರನ್ನು ಸುಡುವುದಿಲ್ಲ. ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕುಣಿಯಲ್ಲಿ ಕೂರಿಸಿ, ವಿಭೂತಿ ಹಾಕಿ ಮಣ್ಣು ಕೊಡುತ್ತಾರೆ. ಹೊಲದಲ್ಲಿದ್ದ ಅಜ್ಜನ ಗದ್ದುಗೆಗೆ ಬೆನ್ನು ಕೊಟ್ಟು ರೊಟ್ಟಿ ತಿಂದು ಬೆಳೆದವಳು ಅವಳು. ಸಿಡ್ನಿಯ ರೌಸ್ ಹಿಲ್ ಬಿಟ್ಟು ಮೆಲ್ಬರ್ನಿಗೆ ಬಂದಾಗ, ಮನೆಯ ಪಾಯ ತೋಡಿದಲ್ಲಿ ಕಪ್ಪು ಎರೆಮಣ್ಣು ಮೇಲೆ ಬಂದದ್ದನ್ನು ಕಂಡು ಅವಳೂ ಗಂಡ ಶಂಭುಲಿಂಗನೂ ನಿಂತುಬಿಟ್ಟಿದ್ದರು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಾಯಿ ತೆರೆಯುವ ಅದೇ ಮಣ್ಣು ಸಮುದ್ರದಾಚೆಗೂ ಇತ್ತು.

ಆ ಬಯಲಿನ ಉಳಿದ ನೆಲವನ್ನೆಲ್ಲ ಉತ್ತು, ಕುರಿ ಮೇಯಿಸಿ, ಈಗ ಮನೆ ಕಟ್ಟಿ ಮುಗಿಸುತ್ತಿದ್ದರು. ಸ್ಮಶಾನಕ್ಕೆ ಮಾತ್ರ ನೇಗಿಲು ಹೊಕ್ಕಿರಲಿಲ್ಲ. ಹಾಗಾಗಿ ಬೇರೆಲ್ಲೂ ಇಲ್ಲದ ಹುಲ್ಲು, ಹೂಗಳು ಸತ್ತವರ ಕಾವಲಿನಲ್ಲಿ ಉಳಿದಿದ್ದವು. ಅವುಗಳನ್ನು ಕಾಯುತ್ತಿದ್ದ ಗುಂಪಿನ ಹಿರಿಯಳು ಮೌರೀನ್. ಅಂಗಿಯ ಗುಂಡಿಯಷ್ಟೇ ಇರುವ ಒಂದು ಹಳದಿ ಹೂವಿಗಾಗಿ ಆಕೆ ಮದುವೆಯಾದ ಹೊಸದರಿಂದ ಹುಡುಕುತ್ತಿದ್ದಳು. ಈ ಸ್ಮಶಾನದಲ್ಲಿ ಅದು ಅಳಿದೇ ಹೋಯಿತೆಂದು ಎಲ್ಲರೂ ಕೈ ಬಿಟ್ಟಿದ್ದರು.

ಎರಡು ಸಾವಿರದ ಏಳರ ಡಿಸೆಂಬರಿನಲ್ಲಿ, ಅಲ್ಲಿನ ಬೇಸಿಗೆಯ ಆರಂಭದಲ್ಲಿ, ಅದು ಮಹಾಶ್ವೇತಾಳ ಕಣ್ಣಿಗೆ ಬಿತ್ತು. ಕೊನೆಯ ಸಾಲಿನ ಆಚೆ, ಯಾರ ಹೆಸರೂ ಇಲ್ಲದ ಜಾಗದಲ್ಲಿ, ರೊಟ್ಟಿ ಬಡಿಯುವ ಕೊಣಮಿಗೆಯಗಲದ ಒಂದು ದುಂಡನೆಯ ವೃತ್ತ. ಅದರೊಳಗೆ ಹುಲ್ಲಿನ ಒಂದು ಎಳೆಯೂ ಇಲ್ಲ, ಬರೀ ಹಳದಿ ಹೂ. ಮೌರೀನ್ ಅಲ್ಲೇ ಕುಕ್ಕರಿಸಿ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: ಈ ಗಿಡ ತನ್ನಷ್ಟಕ್ಕೆ ತಾನೇ ಬೀಜ ಕಟ್ಟುವುದಿಲ್ಲ. ಒಂದೇ ಬೆಡಗಿನೊಳಗೆ, ಒಂದೇ ಕುಲದೊಳಗೆ, ನಾವು ಮದುವೆ ಸಂಬಂಧ ಬೆಳೆಸುವುದಿಲ್ಲವಲ್ಲ, ಹಾಗೆ ಎಂದುಕೊಂಡಳು ಮಹಾಶ್ವೇತಾ. ಮೌರೀನ್ ಮುಂದುವರಿಸಿದಳು: ಅರ್ಧ ಗಿಡಗಳನ್ನಾದರೂ ಬೇರುಸಮೇತ ಎತ್ತಿ, ಇನ್ನೊಂದು ಊರಿನ ಸ್ಮಶಾನದ ಗಿಡಗಳ ಪಕ್ಕದಲ್ಲಿ ಬೆಳೆಸಬೇಕು. ಇಲ್ಲವಾದರೆ ಇದು ಇಲ್ಲೇ ಬೀಜವಿಲ್ಲದೆ ಮುಗಿಯುತ್ತದೆ. ಬಿಸಿಲು ತಗ್ಗಿದ ಮೇಲೆ, ಏಪ್ರಿಲ್‌ನ ಒಂದು ಭಾನುವಾರ ಅಗೆಯುವುದೆಂದು ನಿಶ್ಚಯವಾಯಿತು.

ಮಹಾಶ್ವೇತಾ ಮನೆಗೆ ಓಡಿ ಬಂದು, "ಗುಂಡಿ ಹೂ ಸಿಕ್ತು ನೋಡ್ರಿ" ಎಂದಳು. ಶಂಭುಲಿಂಗ ಚಹಾ ಕಪ್ಪು ಕೆಳಗಿಟ್ಟ. "ಯಾವ ಗುಂಡಿ?" ಎಂದ. ಅವಳು ಅಂಗಿಯ ಗುಂಡಿ ಮುಟ್ಟಿ ತೋರಿಸಿದಳು. ಅವನು ತಲೆಯಾಡಿಸಿ ಹಿತ್ತಲಿಗೆ ಹೋದ.

ಆ ಬೇಸಿಗೆ ಅವಳಿಗೆ ನೆಮ್ಮದಿ ಇರಲಿಲ್ಲ. ಮಳೆ ಇಲ್ಲದ ವರ್ಷ. ಸ್ಮಶಾನವಿಡೀ ಮುಂಗೈ ಇಳಿಯುವಷ್ಟು ಬಿರುಕು, ಆದರೆ ಆ ವೃತ್ತದ ಮಣ್ಣು ಮಾತ್ರ ಬಾಯಿ ಮುಚ್ಚಿಕೊಂಡು ಹಸಿಯಾಗಿತ್ತು. ಬಗ್ಗಿದರೆ ವಿಭೂತಿಯ ವಾಸನೆ ಬಂದಂತಾಗುತ್ತಿತ್ತು. ತಂತಿಯ ಬುಟ್ಟಿ ಕವುಚಿದ್ದರೂ ಪ್ರತಿ ವಾರ ಒಂದೊಂದು ಹೂ ಕಾಣೆಯಾಗುತ್ತಿತ್ತು. ಮೊಲ ತಿಂದದ್ದಲ್ಲ. ತೊಟ್ಟು ಉಗುರಿನಿಂದ ಚಿವುಟಿದಂತೆ ನೀಟಾಗಿತ್ತು.

ಹಾಗೆ ಚಿವುಟುವ ಒಬ್ಬರನ್ನು ಅವಳು ಬಲ್ಲವಳೇ. ಅತ್ತೆ ಶಿವಲಿಂಗವ್ವ ಊರಿನಿಂದ ಬಂದಿದ್ದಾಗ ಬೆಳ್ಳಂಬೆಳಗ್ಗೆ ಎದ್ದು ಬೀದಿಯವರ ಬೇಲಿಯ ಗುಲಾಬಿಗಳನ್ನೆಲ್ಲ ಉಗುರಿನಲ್ಲೇ ಚಿವುಟಿ ಪೂಜೆಗೆ ತರುತ್ತಿದ್ದಳು. ಸೊಸೆ ಮನೆಮನೆಗೆ ಹೋಗಿ ಸಾರಿ ಕೇಳಬೇಕಾಗುತ್ತಿತ್ತು. "ದೇವ್ರಿಗೆ ಹರಕೊಂಡ್ರ ಕಳುವು ಅಲ್ಲವಾ" ಎನ್ನುತ್ತಿದ್ದಳು ಮುದುಕಿ. ಆದರೆ ಶಿವಲಿಂಗವ್ವ ಹಿಂದಿನ ವರ್ಷದ ಚಳಿಗಾಲದಲ್ಲಿ, ಇದೇ ಮನೆಯಲ್ಲಿ, ಎದೆನೋವು ಎಂದು ಕೂತವಳು ಕೂತಂತೆಯೇ ಹೋಗಿದ್ದಳು. ಅದನ್ನು ನೆನೆದಾಗ ಮಹಾಶ್ವೇತಾಳಿಗೆ ಹುಟ್ಟಿನಿಂದ ಇಲ್ಲದ ಭಯ ಮೊದಲ ಬಾರಿ ಬೆನ್ನಲ್ಲಿ ಹರಿಯಿತು.

ಆ ಸಾವಿನ ಮಾತು ಮನೆಯಲ್ಲಿ ಏಳುತ್ತಿರಲಿಲ್ಲ. ಅಂದು ಓಡಾಡಿ ಎಲ್ಲ ವ್ಯವಸ್ಥೆ ಮಾಡಿದವನು ಕನ್ನಡ ಬಳಗದ, ಉಡುಪಿ ಕಡೆಯ ಪುರುಷೋತ್ತಮ. ಒಳ್ಳೆಯ ಮನುಷ್ಯ. ಹಿಂದೂಗಳೆಂದ ಮೇಲೆ ದಹನವೇ ಎಂದುಕೊಂಡು ಎಲ್ಲ ಬುಕ್ ಮಾಡಿದ್ದ. ಗರ ಬಡಿದಂತಿದ್ದ ಶಂಭುಲಿಂಗ ಕೇಳಿದ್ದಕ್ಕೆಲ್ಲ ಹ್ಞೂಂ ಎಂದಿದ್ದ. ತಂಗಿಯ ಬಾಣಂತನಕ್ಕೆಂದು ಸಿಡ್ನಿಗೆ ಹೋಗಿದ್ದ ಮಹಾಶ್ವೇತಾ ಬಂದು ತಲುಪುವಷ್ಟರಲ್ಲಿ ಸುಟ್ಟಾಗಿತ್ತು. ಅತ್ತೆಯ ಲಿಂಗ ಎಲ್ಲಿ ಎಂದರೆ, ಬೂದಿಯ ಜೊತೆ ಸಮುದ್ರಕ್ಕೆ ಬಿಟ್ಟೆ ಎಂದಿದ್ದ ಶಂಭುಲಿಂಗ.

ಅಗೆಯುವ ಹಿಂದಿನ ದಿನ ಅವನಾಗಿಯೇ ಕೇಳಿದ, "ನಾಳೆ ಎಷ್ಟು ಆಳ ಅಗೀತೀರಿ?"

ಸ್ಮಶಾನದ ಕಡೆ ತಲೆ ಹಾಕದ ಗಂಡನ ಬಾಯಲ್ಲಿ ಈ ಪ್ರಶ್ನೆ. ಮಹಾಶ್ವೇತಾ ಅವನ ಮುಖವನ್ನೇ ನೋಡಿದಳು. ಹಸಿ ಮಣ್ಣು, ವಿಭೂತಿಯ ವಾಸನೆ, ದುಂಡನೆಯ ವೃತ್ತ ಎಲ್ಲವೂ ಒಂದರ ಹಿಂದೊಂದು ಹೊಂದಿಕೊಂಡವು.

"ಅತ್ತೀನ್ನ ಅಲ್ಲಿ ಇಟ್ಟೀರೇನು?"

"ಸುಡಬಾರದಿತ್ತು. ಸುಟ್ಟೆ," ಎಂದ ಶಂಭುಲಿಂಗ. "ಬೂದಿ ಕೈಯಾಗಿತ್ತು. ಸಮುದ್ರಕ್ಕ ಬಿಡಾಕ ಮನಸ್ಸಾಗ್ಲಿಲ್ಲ. ಅಲ್ಲಿ ನಮ್ಮ ಎರಿ ಮಣ್ಣೈತಿ. ಹುಲ್ಲು ಕಿತ್ತು ಕುಣಿ ತೋಡಿ ಇಟ್ಟೆ, ಲಿಂಗಾನೂ ಇಟ್ಟೆ. ಆದ್ರ ಯಾರ ಕೈಯಾಗ ಇಡೂದು? ಕೈಯಽ ಇರಲಿಲ್ಲ."

ಇಷ್ಟು ದಿನ ಮುಚ್ಚಿಟ್ಟನಲ್ಲ ಎಂದು ಅವಳಿಗೆ ಸಿಟ್ಟು ಬಂತು. ಮರುಗಳಿಗೆ ಅವನ ಮೇಲೆ ಮರುಕ ಹುಟ್ಟಿತು. ಹುಲ್ಲು ಕಿತ್ತದ್ದರಿಂದಲೇ ಬೆಳಕು ಬಿದ್ದು, ಎಷ್ಟೋ ವರ್ಷದಿಂದ ಅಡಿಯಲ್ಲಿ ಮಲಗಿದ್ದ ಬೇರು ಚಿಗುರಿದೆ ಎಂಬುದೂ ಆಗ ಹೊಳೆಯಿತು.

"ನೀರು ಹಾಕವ್ರು ನೀವಽ. ಹೂ ಯಾಕ ಹರದ್ರಿ?"

ಅವನು ತಬ್ಬಿಬ್ಬಾಗಿ ನೋಡಿದ. "ನೀರು ಹಾಕೀನಿ, ವಿಭೂತಿ ಹಾಕೀನಿ. ಹೂ ಮುಟ್ಟಿಲ್ಲ. ನೀ ಹರದು ಅವ್ವನ ಫೋಟೋಕ್ಕ ಏರಸ್ತಿ ಅನ್ಕೊಂಡಿದ್ದೆ."

ಇಬ್ಬರೂ ಗೋಡೆಯ ಫೋಟೋದ ಕಡೆ ನೋಡಲಿಲ್ಲ.

"ಅಗೀಬ್ಯಾಡ," ಎಂದ ಶಂಭುಲಿಂಗ. "ಒಮ್ಮೆ ಸುಟ್ಟೀನಿ. ಈಗ ಕುಣೀನೂ ಕೆದರಿದ್ರ ಆಕೀಗೆ ಎಲ್ಲಿ ಜಾಗ?"

"ಅಗೀಲಿಲ್ಲ ಅಂದ್ರ ಗಿಡ ಸಾಯ್ತಾವ್ರಿ. ಇಲ್ಲಿ ಮತ್ತ ಹುಟ್ಟೂದಿಲ್ಲ."

ಮರುದಿನ ಅವನೂ ಬಂದ. ಮೌರೀನಳ ಕೈಯಿಂದ ಸಲಿಕೆ ಇಸಿದುಕೊಂಡು ಪಕ್ಕಕ್ಕಿಟ್ಟು, ಬರಿಗೈಯಲ್ಲೇ ಮಣ್ಣು ಬಿಡಿಸತೊಡಗಿದ. ಅಂಚಿನ ಗಿಡಗಳು ಒಂದೊಂದಾಗಿ ಕುಂಡ ಸೇರಿದವು. ನಡುವಿನ ಗಿಡದ ಸುತ್ತ ಬೆರಳಾಡಿಸಿದವನು ಹಾಗೇ ನಿಂತ. ಮಹಾಶ್ವೇತಾ ಬಗ್ಗಿ ನೋಡಿದಳು. ಬೇರು ಕೆಳಗಿಳಿದು ಐದು ಎಳೆಯಾಗಿ ಕವಲೊಡೆದು ಒಳಕ್ಕೆ ಮಡಚಿಕೊಂಡಿತ್ತು. ನಡುವೆ ಶಿವಲಿಂಗವ್ವನ ಕಪ್ಪು ಲಿಂಗ, ಅಂಗೈಯಲ್ಲಿ ಹಿಡಿದಂತೆ.

ಶಂಭುಲಿಂಗ ತಾಯಿ ಸತ್ತಂದಿನಿಂದ ಅತ್ತಿರಲಿಲ್ಲ. ಈಗ ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ಮೌರೀನಳಿಗೆ ಏನರ್ಥವಾಯಿತೋ, ಹ್ಯಾಟು ತೆಗೆದು ಕೈಯಲ್ಲಿ ಹಿಡಿದು, ಇದೊಂದು ಇಲ್ಲೇ ಇರಲಿ ಎಂದಳು. ಗಂಡಹೆಂಡತಿ ಇಬ್ಬರೂ ಸೇರಿ ಮಣ್ಣು ಕೊಟ್ಟರು.

ಕುಂಡದ ಗಿಡಗಳು ಮಹಾಶ್ವೇತಾಳ ಹಿತ್ತಲಲ್ಲಿ ಇನ್ನೊಂದು ಊರಿನ ಗಿಡಗಳ ಜೊತೆ ಬೆಳೆದು, ಮುಂದಿನ ಬೇಸಿಗೆಗೆ ಬೀಜ ಕಟ್ಟಿದವು. ಎಳೆ ಸಸಿಗಳು ಸ್ಮಶಾನಕ್ಕೆ ಮರಳಿ ವೃತ್ತ ಹಿಗ್ಗಿತು. ಹೂ ಎಣಿಸುವ ಭಾನುವಾರ ಮೌರೀನ್ ಚಿವುಟಿದ ತೊಟ್ಟೊಂದನ್ನು ತೋರಿಸಿ, ಮತ್ತೆ ಒಂದು ಹೋಗಿದೆಯಲ್ಲ, ಬುಟ್ಟಿ ಬದಲಿಸೋಣವೇ ಎಂದು ಕೇಳಿದಳು.

"ಬೇಡ," ಎಂದಳು ಮಹಾಶ್ವೇತಾ. "ಅದು ನಮ್ಮ ಅತ್ತೆಯ ಪೂಜೆಗೆ."