ಕಿಟಕಿ ಮೇಜಿನ ಮೊದಲ ಪುಸ್ತಕ

ಶೀನಣ್ಣ ಎರಡೂ ಕೈಯಲ್ಲಿ ಪುಸ್ತಕ ಹಿಡಿದು ತಂದದ್ದನ್ನು ನಾನು ನೋಡಿಯೇ ಇಲ್ಲ. ಎಡಗೈಯ ಬೆರಳಿನಿಂದ ಮೊಣಕೈವರೆಗೆ ದಪ್ಪ ದಪ್ಪ ಅನಾಟಮಿ ಪುಸ್ತಕಗಳನ್ನು ದೋಸೆ ತಟ್ಟೆಗಳಂತೆ ಜೋಡಿಸಿಕೊಂಡು, ಬಲಗೈ ಬೀಸುತ್ತಾ ಬರುತ್ತಿದ್ದರು. ಮುಂಬಯಿ ಪಕ್ಕದ ಠಾಣೆ ಊರಿನ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿ ಪಳಗಿದ ಕೈ ಅದು. ಹೋಟೆಲು ಮುಚ್ಚಿದ ಮೇಲೆ ನವಿ ಮುಂಬಯಿಯ ನಮ್ಮ ವೈದ್ಯಕೀಯ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅಟೆಂಡರ್ ಆಗಿ ಬಂದಿದ್ದರು. ರೆಫರೆನ್ಸ್ ಪುಸ್ತಕ ಮನೆಗೆ ಬೇಕೆಂದವರಿಗೆ ಅವರದ್ದು ಒಂದೇ ಉತ್ತರ: “ಪಾರ್ಸಲ್ ನಹೀ ಮಿಲೇಗಾ. ಯಹೀಂ ಬೈಠ್ ಕೇ ಖಾವ್.” ಪಾರ್ಸಲ್ ಇಲ್ಲ, ಇಲ್ಲೇ ಕೂತು ತಿನ್ನಿ ಎಂದು.

ವಿಶ್ವವಿದ್ಯಾಲಯದ ಕಡತದಲ್ಲಿ ಗ್ರಂಥಾಲಯದ ಚರಿತ್ರೆ ಶುರುವಾಗುವುದು ರಿಬ್ಬನ್ ಕತ್ತರಿಸುವ ಫೋಟೋದಿಂದ. ಶೀನಣ್ಣನ ಚರಿತ್ರೆ ಶುರುವಾಗುವುದು ಕ್ಯಾಂಟೀನ್ ಪಕ್ಕದ ತಗಡಿನ ಕೋಣೆಯಿಂದ. “ಎರಡು ಕಪಾಟು ಇದ್ದದ್ದು ಮಾರಾಯ್ರೆ. ಪುಸ್ತಕ ಬಿಡಿಸಿದರೆ ಸಾಂಬಾರಿನ ವಾಸನೆ. ಮಕ್ಕಳಿಗೆ ಹಸಿವಾಗಿ ಹೆಚ್ಚು ಹೊತ್ತು ಕೂರುತ್ತಲೇ ಇರಲಿಲ್ಲ,” ಎನ್ನುತ್ತಿದ್ದರು. ಅಲ್ಲಿಂದ ಗ್ರಂಥಾಲಯ ಪೆಥಾಲಜಿ ವಿಭಾಗದ ಮೇಲಿನ ಮಹಡಿಗೆ ಏರಿತು. ಅಷ್ಟೂ ಪುಸ್ತಕಗಳನ್ನು ಅದೇ ಎಡಗೈಯಲ್ಲಿ ಏರಿಸಿದವರು ಅವರು.

ನಾನು ಸಹಾಯಕ ಗ್ರಂಥಪಾಲಕಿಯಾಗಿ ಸೇರಿದ್ದು ಆ ಮಹಡಿಗೆ. ವಿಜಯಪುರದಿಂದ ಬಂದು ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ಹಮಾಲಿ ಮಾಡಿದವರ ಮಗಳು. ಹೊಸ ಡಿಗ್ರಿ, ಹೊಸ ಜಂಬ. ಮೊದಲ ದಿನವೇ ಕಿಟಕಿ ಪಕ್ಕದ ಮೇಜಿನ ಮೇಲೆ ಯಾರೂ ಕೇಳದ ಹಳೆಯ ಪುಸ್ತಕವೊಂದು ತೆರೆದು ಬಿದ್ದಿತ್ತು. ಎತ್ತಿ ಕಪಾಟಿಗೆ ಇಟ್ಟೆ. ಹತ್ತು ನಿಮಿಷದಲ್ಲಿ ಮತ್ತೆ ಮೇಜಿನ ಮೇಲೆ! ಮೂರನೇ ಸಲ ನನಗೆ ಸಿಟ್ಟು ನೆತ್ತಿಗೇರಿತು.

“ಏನ್ರಿ ಶೀನಣ್ಣ, ಇದನ್ನ ಯಾರ ಕೇಳ್ಯಾರಂತ ಇಡಾಕತ್ತೀರಿ?”

“ಯಾರೂ ಕೇಳ್ಲಿಲ್ಲ ಮೇಡಂ. ಅದಕ್ಕೇ ಇಟ್ಟದ್ದು. ನಮ್ಮ ಹೋಟೆಲಲ್ಲಿ ಬೆಳಿಗ್ಗೆ ಮೊದಲನೇ ಚಾ ಗಿರಾಕಿಗೆ ಇಲ್ಲ, ಬಾಗಿಲಿನ ಎದುರು ರಸ್ತೆಗೆ ಚೆಲ್ಲುವುದು. ಆಮೇಲೆ ವ್ಯಾಪಾರ. ಇಲ್ಲಿ ಪುಸ್ತಕ ಚೆಲ್ಲಲಿಕ್ಕೆ ಆಗ್ತದಾ? ಹಾಗೆ ಬಿಡಿಸಿ ಇಡುವುದು. ನೀವು ಎಷ್ಟು ಸಲ ಎತ್ತಿದರೂ ನಾನು ಇಡುವವನೇ.”

ಇಂಥವರ ಜೊತೆ ಜಗಳವಾಡಿ ಗೆದ್ದವರುಂಟೇ? ಎತ್ತಿಡುವುದನ್ನು ಬಿಟ್ಟೆ. ದಿನಕ್ಕೊಂದರಂತೆ, ಹಿಂದಿನ ಸಾಲಿನ ಕಪಾಟುಗಳ ಪುಸ್ತಕಗಳೆಲ್ಲ ಸರದಿಯಲ್ಲಿ ಬಂದು ಕಿಟಕಿಯ ಬಿಸಿಲು ಕಾಯಿಸಿಕೊಂಡು ಹೋಗುತ್ತಿದ್ದವು.

ಶೀನಣ್ಣ ನಿವೃತ್ತರಾಗುವ ವರ್ಷವೇ ಗ್ರಂಥಾಲಯಕ್ಕೆ ಗಾಜಿನ ಹೊಸ ಕಟ್ಟಡ ಸಿದ್ಧವಾಯಿತು. ಹಲವು ವರ್ಷಗಳಿಂದ ಯಾರೂ ಎರವಲು ಪಡೆಯದ ಪುಸ್ತಕಗಳನ್ನು ಅಲ್ಲಿಗೆ ಒಯ್ಯುವುದು ಬೇಡ, ರದ್ದಿಗೆ ಹಾಕಿ ಎಂದು ಆದೇಶ ಬಂತು. ಕಂಪ್ಯೂಟರು ಹಿಂದಿನ ಸಾಲನ್ನು ಇಡಿಯಾಗಿ ರದ್ದಿಯ ಪಟ್ಟಿಯಲ್ಲಿ ತೋರಿಸಿತು. ಕಿಟಕಿಯ ಬಳಿ ಮಕ್ಕಳು ಕೂತು ಓದಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಅಂದು ಶೀನಣ್ಣ ಊಟದ ಡಬ್ಬಿ ಬಿಚ್ಚಲಿಲ್ಲ. “ನಾನು ಹೋಗುವುದು ಸರಿ. ಅವು ಎಂತ ಮಾಡಿದವು?” ಎಂದಷ್ಟೇ ಕೇಳಿದರು.

ಪಟ್ಟಿಗೆ ಒಪ್ಪಿಗೆ ಕೊಡಲು ಸಮಿತಿಯವರು ಬಂದರು. ಅಧ್ಯಕ್ಷೆಯಾಗಿದ್ದ ಹಿರಿಯ ಡಾಕ್ಟರು ಧೂಳಿಗೆ ಹೆದರಿ ಮೂಗಿಗೆ ಸೆರಗು ಹಿಡಿದೇ ಒಂದು ಪುಸ್ತಕ ತೆರೆದರು. ಧೂಳೂ ಇಲ್ಲ, ಹುಳವೂ ಇಲ್ಲ. ಕೊನೆಯ ಪುಟದಿಂದ ಒಂದು ಚೀಟಿ ಜಾರಿಬಿತ್ತು.

“ಯೇ ಕ್ಯಾ ಲಿಖಾ ಹೈ?” ಏನು ಬರೆದಿದೆ ಎಂದು ಕೇಳಿದರು.

ಕನ್ನಡ. ಗುಂಡಗಿನ ಅಕ್ಷರ. ಬರೆದ ಶೀನಣ್ಣನನ್ನು ಬಿಟ್ಟರೆ ಅಲ್ಲಿ ಓದಬಲ್ಲವಳು ನಾನೊಬ್ಬಳೇ. ಒಂದೊಂದೇ ಸಾಲು ಓದಿ ಹಿಂದಿಯಲ್ಲಿ ಹೇಳುತ್ತಾ ಹೋದೆ. “ತಾರೀಕು ಐದು. ಓದಿದವರು: ಚಷ್ಮದ ಹುಡುಗಿ, ಎರಡನೇ ವರ್ಷ.” “ಮಳೆ, ಲೋಕಲ್ ರೈಲು ಬಂದ್. ಓದಿದವರು: ಡೊಂಬಿವಲಿಯವ, ಉಗುರು ಕಚ್ಚುವವ. ಮಧ್ಯಾಹ್ನದವರೆಗೆ.” “ಯಾರೂ ಇಲ್ಲ. ನಾಳೆ ನೋಡುವ.” ಅಧ್ಯಕ್ಷೆ ಮತ್ತೊಂದು ಪುಸ್ತಕ ತೆಗೆದರು, ಇನ್ನೊಂದು. ಎಲ್ಲದರಲ್ಲೂ ಚೀಟಿ. ಉಗುರು ಕಚ್ಚುವವನ ಹತ್ತಿರ ಬಂದಾಗಲೆಲ್ಲ ಅವರಿಗೆ ನಗು ತಡೆಯಲಾಗಲಿಲ್ಲ. ಆತ ಐದಾರು ಪುಸ್ತಕಗಳಲ್ಲಿ ಸಿಕ್ಕಿದ್ದ. ಶೀನಣ್ಣ ಮಾತ್ರ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಮೂಲೆಯಲ್ಲಿ ನಿಂತಿದ್ದರು.

“ನಮ್ಮ ಲೈಬ್ರರಿಯ ಚರಿತ್ರೆ ಇದೇ ಅಲ್ಲವೇ?” ಎಂದು ಅಧ್ಯಕ್ಷೆ ಪಟ್ಟಿಯ ಮೇಲೆ ಅಡ್ಡಗೆರೆ ಎಳೆದರು. ಹಿಂದಿನ ಸಾಲಿಗೆ ಹೊಸ ಕಟ್ಟಡದಲ್ಲಿ ಒಂದು ಕೋಣೆ ಸಿಕ್ಕಿತು, ಕಿಟಕಿಯೂ ಸೇರಿ.

ಶೀನಣ್ಣನ ಕೆಲಸದ ಕೊನೆಯ ದಿನ ಆ ಕಿಟಕಿಯ ಹತ್ತಿರ ಕುರ್ಚಿ ಎಳೆದು, “ಕೂಡ್ರಿ ಶೀನಣ್ಣ,” ಎಂದೆ.

“ಸಪ್ಲೈಯರ್ ಗಿರಾಕಿಯ ಟೇಬಲಲ್ಲಿ ಕೂರುವುದಾ?”

“ಇವತ್ತ ನಾ ಸಪ್ಲೈಯರ್ ರೀ.” ಅವರಂತೆಯೇ ಎಡಗೈ ಮೇಲೆ ಪುಸ್ತಕ ಜೋಡಿಸಿಕೊಂಡು ಹೊರಟೆ, ಎರಡು ದಾರಿಯಲ್ಲೇ ಬಿದ್ದವು. ಅವರು ಬಿದ್ದು ಬಿದ್ದು ನಕ್ಕರು. ಉಳಿದ ಒಂದನ್ನು, ಹೃದಯದ ಚಿತ್ರಗಳಿದ್ದದ್ದನ್ನು, ಒಂದು ಗಂಟೆಯವರೆಗೆ ಪುಟ ಪುಟವಾಗಿ ತಿರುಗಿಸಿದರು. ಚೀಟಿಯಲ್ಲಿ ನಾನು “ಓದಿದವರು: ಶೀನಣ್ಣ” ಎಂದು ಬರೆದೆ. “ಓದಿದ್ದಲ್ಲ ಮೇಡಂ, ಚಿತ್ರ ನೋಡಿದ್ದು,” ಎಂದರು. ಆದರೆ ಹೊಡೆದುಹಾಕಲು ಬಿಡಲಿಲ್ಲ.

ಈಗ ಅವರು ಸೀವುಡ್ಸ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕಿಟಕಿ ಮೇಜಿನ ಮೇಲೆ ಒಂದು ಪುಸ್ತಕ ಬಿಡಿಸಿಡುತ್ತೇನೆ, ಸಂಜೆ ಚೀಟಿ ಬರೆಯುತ್ತೇನೆ. ನನ್ನ ಮಾತು ವಿಜಯಪುರದ್ದು, ನಿಜ. ಆದರೂ ಯಾರೂ ಬಂದು ಕೂರದ ದಿನ ನನ್ನ ಪೆನ್ನು ಬರೆಯುವುದು ಅವರ ಮಾತನ್ನೇ: “ಯಾರೂ ಇಲ್ಲ. ನಾಳೆ ನೋಡುವ.”