ಕತ್ತಿನಡಿಯ ಎಲೆ

ಎಲೆಕ್ಟ್ರಿಕ್ ಗಿಟಾರ್ ರಿಪೇರಿ ಮಾಡುವ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. ಗಿಟಾರಿನ ತಲೆಯ ಹಿಂದೆ ಅಚ್ಚಾದ ದೇಶದ ಹೆಸರನ್ನು ಯಾರಾದರೂ ಮೊದಲು ಓದಿದರೆ ಮುಗಿದೇ ಹೋಯಿತು. ಅಲ್ಲೊಂದು ಕಪ್ಪು ಟೇಪು ಅಂಟಿಸಿ, "ಈಗ ನುಡಿಸಿ, ಕಿವಿ ಇದೆಯಲ್ಲ!" ಎನ್ನುತ್ತಾನೆ. ದುಬಾರಿ ದೇಶದ್ದೆಂದು ಬೀಗಿದವರಿಗೆ ಎರಡು ಟೇಪು. ಹಾಗೆಂದು ಅಗ್ಗದ್ದನ್ನೆಲ್ಲ ಹೊಗಳಿ ಅಟ್ಟಕ್ಕೇರಿಸುವವನೂ ಅಲ್ಲ. ಗಿಟಾರಿನ ಕತ್ತಿನ, ಅಂದರೆ ತಂತಿ ಒತ್ತುವ ಉದ್ದ ಹಿಡಿಯ, ಲೋಹದ ಪಟ್ಟಿಗಳ ಮೇಲೆ ಬೆರಳಾಡಿಸಿ, "ಅಂಚು ಕೈ ಕುಯ್ಯುತ್ತೆ ನೋಡಿ. ಉಜ್ಜೋಕೆ ಪಾಪ ಕಾರ್ಖಾನೆ ಕೆಲಸದವರಿಗೆ ಟೈಮೇ ಕೊಟ್ಟಿಲ್ಲ, ದೇಶ ಏನ್ ಮಾಡುತ್ತೆ?" ಎಂದು ಗೊಣಗುತ್ತ ಅರ ಹಿಡಿದು ಕೂರುತ್ತಾನೆ. ಆದರೆ ಅಗ್ಗದ ಗಿಟಾರ್ ಬಂದರೆ ಮಾತ್ರ, ರೋಗ ಯಾವುದೇ ಇರಲಿ, ತಿರುಪು ಬಿಚ್ಚಿ ಕತ್ತು ಕಳಚಿ ಅಡಿಯಲ್ಲಿ ಇಣುಕುತ್ತಾನೆ. ಊಟದ ಡಬ್ಬಿ ತರುವ ಹೆಂಡತಿ ಬಾಗಿಲಲ್ಲೇ "ಸಿಕ್ತಾ?" ಎನ್ನುತ್ತಾಳೆ, "ಇವತ್ತೂ ಇಲ್ಲ ಕಣೇ," ಎನ್ನುತ್ತಾನೆ. ಮದುವೆಗೆ ಮೊದಲು ಆಕೆ ಅಂಥ ಅಗ್ಗದ ಕಾರ್ಖಾನೆಯೊಂದರಲ್ಲಿ ಗಿಟಾರಿಗೆ ಕತ್ತು ಜೋಡಿಸುತ್ತಿದ್ದಳು. ಮನಸ್ಸೊಪ್ಪುವಂತೆ ಕೂತ ಕತ್ತಿನ ಅಡಿಯಲ್ಲಿ ಪೆನ್ಸಿಲಿನಿಂದ ಪುಟ್ಟದೊಂದು ಎಲೆಯ ಚಿತ್ರ ಬರೆಯುತ್ತಿದ್ದಳು. ಮೊನ್ನೆ ಬಸ್ ಡ್ರೈವರೊಬ್ಬ ಹಳೆಯ ಗಿಟಾರೊಂದನ್ನು, ದೇಶದ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ, ತಂದ. ಮೇಸ್ತ್ರಿ ತಿರುಪು ಬಿಚ್ಚಿ ಕತ್ತು ಕಳಚಿದ. ಅಡಿಯಲ್ಲಿ ಎಲೆಯಿತ್ತು, ಒಂಚೂರೂ ಮಾಸಿರಲಿಲ್ಲ. ಟೇಪಿನ ಉರುಳೆಯನ್ನು ಪಕ್ಕಕ್ಕೆ ತಳ್ಳಿ, ಬಾಗಿಲ ಕಡೆ ನೋಡಿದ, ಊಟದ ಹೊತ್ತಾಗಿತ್ತು. "ಏನೋ ಅಗ್ಗದ್ದು ಮೇಸ್ತ್ರಿ, ಯಾವ ದೇಶದ್ದೋ ಏನೋ," ಎಂದು ಡ್ರೈವರ್ ನಾಚಿಕೊಂಡ. "ಯಾವನ್ರೀ ಅಗ್ಗ ಅಂದಿದ್ದು?" ಮೇಸ್ತ್ರಿ ರೇಗಿದ. "ಇದು ನಮ್ಮನೇದು!"